ಫೈವ್ ನೈನ್, ಹನೂರು

ಮೋಟರಿಗೆ ಹೊಸ ತಂತಿ ಸುತ್ತಿ, ವಾರ್ನಿಷ್ ಕುಡಿಸಿ ಒಣಗಲು ಇಟ್ಟಾಗ ಒಂದು ವಾಸನೆ ಏಳುತ್ತದೆ. ಕೊಳ್ಳೇಗಾಲದ ನನ್ನ ವೈಂಡಿಂಗ್ ಅಂಗಡಿಗೆ ಬಂದವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ನನ್ನ ಹೆಂಡತಿಯಂತೂ "ಸ್ನಾನ ಮಾಡುದ್ರೂ ಬಿಡಲ್ಲ ಈ ದರಿದ್ರ" ಅನ್ನುತ್ತಾಳೆ. ನನಗೆ ಮಾತ್ರ, ಹೊರಗೆ ಮಳೆ ಹುಯ್ಯುತ್ತಾ ಒಳಗೆ ಆ ವಾಸನೆ ತುಂಬಿತು ಅಂದರೆ, ಲೊಕ್ಕನಹಳ್ಳಿಯಲ್ಲಿ ರೇಡಿಯೋ ಏರಿಯಲ್ ಕಟ್ಟಿದ ಆ ಮಳೆಗಾಲ ಎದುರಿಗೆ ಬಂದು ನಿಲ್ಲುತ್ತದೆ. ಮೊನ್ನೆಯೂ ಹಾಗೇ ಆಯಿತು. ಪಂಪ್‌ಸೆಟ್ಟು ಕೊಟ್ಟವನು ಎದುರಿಗೆ ನಿಂತು ಯಾವತ್ತು ಕೊಡ್ತೀಯ ಅಂತ ಕೇಳುತ್ತಿದ್ದಾನೆ, ನಾನು ಹನೂರು ಅಂತಿದ್ದೀನಿ. "ಅನೂರಲ್ಲ ಕಣಣ್ಣ, ನಮ್ದು ಮುಡಿಗುಂಡ" ಅಂದ, ಪಾಪ.

ನನಗೆ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕೆ ಗಾಳಿಯ ಮೇಲೆ ಮಾತಾಡುವ ಹುಚ್ಚು ಹಿಡಿಸಿದವರು ಯಳಂದೂರಿನ ರಂಗಸ್ವಾಮಿ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಬಾವಿ ಮೋಟರ್ ಕಟ್ಟಿಸಲು ಬಂದವರು ನನ್ನ ತಾಮ್ರದ ತಂತಿ ಸುರುಳಿ ನೋಡಿ, "ಬಸವಣ್ಣ, ಇದನ್ನ ಹತ್ತು ಮೀಟರ್ ಆ ಕಡೆ, ಹತ್ತು ಮೀಟರ್ ಈ ಕಡೆ ಎಳೆದು ಕಟ್ಟಿದ್ರೆ ಸೇಲಂವರೆಗೂ ಮಾತಾಡಬಹುದು ಕಣಯ್ಯಾ" ಅಂದರು. ಫೋನ್ ಇದೆಯಲ್ಲ ಸಾರ್ ಅಂದೆ. "ಫೋನಲ್ಲಿ ಗೊತ್ತಿರೋರ ಹತ್ರ ಮಾತಾಡ್ತೀಯ. ಇದರಲ್ಲಿ ಯಾರು ಸಿಕ್ತಾರೋ ಅವರ ಹತ್ರ ಮಾತಾಡ್ತೀಯ." ಅಷ್ಟೇ ನೋಡಿ, ಕೆಟ್ಟೆ. ಪರೀಕ್ಷೆ ಬರೆದೆ, ಲೈಸೆನ್ಸ್ ಬಂತು, ಅಂಗಡಿ ಮಾಳಿಗೆ ಮೇಲೆ ತಂತಿ ಏರಿತು. "ಮನೇಲಿರೋರ ಜೊತೆ ಮಾತಾಡಕ್ಕೆ ಬಾಯಿಲ್ಲ, ಗಾಳಿ ಜೊತೆ ಹರಟೆ" ಅಂತ ಹೆಂಡತಿ ಹೇಳುವುದು ಆಗ ಶುರುವಾದದ್ದು ಇನ್ನೂ ನಿಂತಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಲೊಕ್ಕನಹಳ್ಳಿ ಹಾಲಿನ ಡೈರಿಯ ಕಾರ್ಯದರ್ಶಿ ನಾಗಮಣಿ, ಡೈರಿಯ ನೀರಿನ ಮೋಟರ್ ಸುಟ್ಟಿದೆ ಅಂತ ಹೊತ್ತುಕೊಂಡು ಬಂದಳು. ನಾನು ರೇಡಿಯೋ ಸೆಟ್ಟಿನಲ್ಲಿ ಈರೋಡಿನ ಯಾರೊಂದಿಗೋ ಮಾತಾಡುತ್ತಿದ್ದೆ. ಮುಗಿಯುವ ತನಕ ನಿಂತು ಕೇಳಿಸಿಕೊಂಡಳು.

"ಅಣ್ಣ, ಇದ್ಕೆ ಟವರ್ ಬ್ಯಾಡ್ವಾ?"

"ಬೇಡ. ಎರಡು ಕಂಬ, ಒಂದು ತಂತಿ, ಒಂದು ಬ್ಯಾಟರಿ, ಒಂದು ಸೆಟ್ಟು."

"ನಮ್ಮಂತೋರು ಮಾತಾಡ್ಬೋದಾ?"

"ಪರೀಕ್ಷೆ ಪಾಸಾಗ್ಬೇಕು. ಅದೂ ಇಂಗ್ಲಿಷಲ್ಲಿ." ಹೆದರಲಿ ಅಂತಲೇ ಅಂದೆ. ಕೆಲಸದ ಹೊತ್ತಲ್ಲಿ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

"ಎಸ್ಸೆಲ್ಸೀಲಿ ಇಂಗ್ಲೀಸಲ್ಲಿ ಎರಡ್ ಸಲ ಡುಮ್ಕಿ ಒಡ್ದಿವ್ನಿ. ಮೂರ್ನೇ ಸಲ ಪಾಸಾಗ್ನಿಲ್ವಾ? ಇದೂ ಅಂಗೇ ಆಯ್ತದೆ ಬುಡಿ" ಅಂದಳು.

ಅವಳ ಹಟಕ್ಕೆ ಕಾರಣ ಆಮೇಲೆ ತಿಳಿಯಿತು. ಅದರ ಹಿಂದಿನ ವರ್ಷ ಮುಸುಕಿನ ಜೋಳ ಕಾಯಲು ಹೋಗಿದ್ದ ಅವಳ ಗಂಡ ಸಿದ್ದರಾಜು, ಆನೆ ನುಗ್ಗಿತು ಅಂತ ಓಡುವಾಗ ಕಂದಕಕ್ಕೆ ಬಿದ್ದು ತೊಡೆ ಮೂಳೆ ಮುರಿದುಕೊಂಡಿದ್ದ. ಅವರ ಮನೆ ಊರಾಚೆ, ಕಾಡಿನ ಮಗ್ಗುಲಲ್ಲಿದೆ. ಅಲ್ಲಿ ಫೋನು ಸತ್ತ ಹಾಗೆ. ಕೆರೆ ಏರಿ ಹತ್ತಿ ನಿಂತರೆ ಸಿಗ್ನಲ್ಲಿನ ಒಂದು ಗೆರೆ ಬರುತ್ತದೆ, ಮಳೆ ಗಾಳಿಗೆ ಅದೂ ಇಲ್ಲ. ಗಂಡ ಕೆಸರಲ್ಲಿ ನರಳುತ್ತಿದ್ದರೆ ಇವಳು ಕಂದಕದಿಂದ ಏರಿಗೆ, ಏರಿಯಿಂದ ಕಂದಕಕ್ಕೆ ಓಡಿದ್ದೇ ಓಡಿದ್ದು. ಆಂಬುಲೆನ್ಸ್ ಬರುವ ಹೊತ್ತಿಗೆ ಸಿದ್ದರಾಜನಿಗೆ ಪ್ರಜ್ಞೆ ಇರಲಿಲ್ಲ. ಜೀವ ಉಳಿಯಿತು, ಕಾಲು ಮಾತ್ರ ಸೊಟ್ಟಗೆ ಕೂಡಿಕೊಂಡಿತು. "ಕೇಳಾಕೆ ಜನ ಇದ್ರೂ ನನ್ ಮಾತು ಅವ್ರ ಗಂಟ ಓಗ್ನಿಲ್ಲ ಅಣ್ಣ. ಆ ಸಂಕಟ ಇನ್ನೊಬ್ರಿಗೆ ಬರಬಾರ್ದು" ಅಂದಾಗ ನಾನು ತಲೆ ತಗ್ಗಿಸಿಕೊಂಡು ತಂತಿ ಸುತ್ತುತ್ತಾ ಕೂತೆ. ಅವತ್ತು ಅವಳ ಪ್ರಶ್ನೆಗೆಲ್ಲ ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಅವಳಿಗೆ ಕೊನೆಯ ಬಸ್ಸು ತಪ್ಪುವುದರಲ್ಲಿತ್ತು.

ಪರೀಕ್ಷೆಯಲ್ಲಿ ಮೂರನೇ ಸಲ ಬೇಕಾಗಲಿಲ್ಲ, ಮೊದಲನೇ ಸಲಕ್ಕೇ ಪಾಸಾದಳು. ಮೇಷ್ಟ್ರು ಪಾಠ ಹೇಳಿದ್ದು, ನಾನು ಬೈದದ್ದು, ಎರಡೂ ಫಲ ಕೊಟ್ಟವು ಅಂತ ಇಟ್ಟುಕೊಳ್ಳಿ. ಲೈಸೆನ್ಸ್ ಬಂತು, ಸೆಟ್ಟಿಲ್ಲ. ಆಗ ಮೇಷ್ಟ್ರು ತಾವು ಸದಸ್ಯರಾಗಿದ್ದ ಒಂದು ಹವ್ಯಾಸಿಗಳ ಸಂಘಕ್ಕೆ ಬರೆದು ಎರವಲು ಸೆಟ್ಟು ತರಿಸಿಕೊಟ್ಟರು. ಎರವಲು ಅಂದರೆ ಒಂದು ಮಳೆಗಾಲದ ಮಟ್ಟಿಗೆ. ಅದಾದ ಮೇಲೆ ವಾಪಸ್ ಹೋಗಿ ಇನ್ನೊಂದು ಊರಿನ ಹೊಸಬರ ಕೈ ಸೇರಬೇಕು. ಆದರೆ ಆ ಸಂಘದವರು ವರ್ಷಕ್ಕೊಂದು ಸ್ಪರ್ಧೆ ನಡೆಸುತ್ತಾರೆ. ಎರವಲು ಪಡೆದ ಹೊಸಬರ ಪೈಕಿ ಅದರಲ್ಲಿ ಯಾರು ಮೇಲೆ ಬರುತ್ತಾರೋ ಅವರಿಗೆ ಸೆಟ್ಟು ಖಾಯಂ. ಬಳಸುವವರ ಕೈಯಲ್ಲಿರಲಿ ಅನ್ನುವುದು ಅವರ ಲೆಕ್ಕಾಚಾರ.

ಮಳೆ ಹಿಡಿದ ಒಂದು ವಾರ ಅಂಗಡಿಯಲ್ಲಿ ಏರಿಯಲ್‌ನ ನಡುವಿನ ಸುರುಳಿ ಸುತ್ತಿ ವಾರ್ನಿಷ್ ಬಳಿದೆ. ಅದು ಒಣಗುವಷ್ಟು ಬಿಸಿಲೇ ಇರಲಿಲ್ಲ. ಹಸಿ ವಾಸನೆಯಲ್ಲೇ ಬಸ್ಸಿಗೆ ಹಾಕಿಕೊಂಡು ಹೋಗಿ ನಾಗಮಣಿಯ ಮನೆ ಮುಂದೆ ಬಿದಿರು ನಿಲ್ಲಿಸಿ ತಂತಿ ಎಳೆದೆವು. ಸಿದ್ದರಾಜು ಕುಂಟುತ್ತಲೇ ಹಗ್ಗ ಹಿಡಿದ. ಅವನ ತಾಯಿ ಜಗಲಿಯಲ್ಲಿ ಕೂತು, "ಬಟ್ಟೆ ಒಣಗಾಕಾಕಾದ್ರೂ ಆಯ್ತದಾ ಇದು?" ಅಂತ ಕೇಳಿದರು. ಅವತ್ತು ಸಂಜೆಯೇ ಲೊಕ್ಕನಹಳ್ಳಿಯಿಂದ ಯಳಂದೂರಿಗೆ ಮಾತು ಹೋಯಿತು. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಮೂವರೂ ಕಿವಿ ತೆರೆದಿಡಬೇಕು ಅಂತ ಗೊತ್ತು ಮಾಡಿಕೊಂಡೆವು.

ಇನ್ನು ಸ್ಪರ್ಧೆಯ ನಿಯಮ. ಅಯ್ಯೋ, ಅದರ ಸುದ್ದಿ ಕೇಳಬೇಡಿ! ಭಾನುವಾರ ಬೆಳಕು ಹರಿದಾಗಿನಿಂದ ಹೊತ್ತು ಮುಳುಗುವ ತನಕ ಸಿಕ್ಕಿದವರ ಜೊತೆಗೆಲ್ಲ ಮಾತಾಡಬೇಕು. ಮಾತು ಅಂದರೆ ಮಾತಲ್ಲ. ನಿಮ್ಮ ಗುರುತಿನ ಹೆಸರು ಹೇಳಬೇಕು, ನಿಮ್ಮ ದನಿ ಚೆನ್ನಾಗಿ ಕೇಳುತ್ತಿದೆ ಅನ್ನಲಿಕ್ಕೆ "ಫೈವ್ ನೈನ್" ಅನ್ನಬೇಕು, ನಿಮ್ಮ ತಾಲ್ಲೂಕು ಹೇಳಬೇಕು, ಅವರದ್ದು ಬರೆದುಕೊಳ್ಳಬೇಕು. ಮುಗಿಯಿತು, ಮುಂದಿನವರು. ಸಂಜೆಗೆ ಬರೆದುಕೊಂಡದ್ದನ್ನು ಸಂಘಕ್ಕೆ ಕಳಿಸಬೇಕು. ಅವರು ನಾವು ಬರೆದದ್ದನ್ನೂ ಎದುರಿನವರು ಬರೆದದ್ದನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ. ತಾಳೆಯಾಗದ್ದು ಹೊಡೆದುಹೋಯಿತು.

ನಾಗಮಣಿಗೆ ಮೊದಮೊದಲು ಈ ಚುಟುಕು ಮಾತು ಹಿಡಿಸಲೇ ಇಲ್ಲ. ಅಭ್ಯಾಸಕ್ಕೆ ನಾನು ಕರೆದರೆ "ಫೈವ್ ನೈನ್ ಅಣ್ಣ, ತಿಂಡಿ ಆಯ್ತಾ? ಅತ್ಗೆ ಚೆನ್ನಾಗವ್ರಾ? ಮಳೆ ಎಂಗದೆ?" ಅನ್ನುವಳು.

"ತಾಯಿ, ನಾನು ತಿಂಡಿ ತಿಂದ್ರೆ ನಿಂಗೆ ಅಂಕ ಕೊಡಲ್ಲ ಅವರು!"

"ಕೇಳ್ದೆ ಇದ್ರೆ ಏನಂದ್ಕತಾರೆ ಅಣ್ಣ, ಮುಖ ಮುರ್ದಂಗಾಗಲ್ವಾ?"

ಬಿಡಿಸಲು ಸಾಕುಬೇಕಾಯಿತು. ಅಂಕದ ಲೆಕ್ಕದಲ್ಲಿ ಎಡವಿದವನು ಮಾತ್ರ ನಾನು. ಜಾಸ್ತಿ ಜನರ ಹತ್ತಿರ ಮಾತಾಡಿದವರು ಗೆಲ್ಲುತ್ತಾರೆ ಅಂತ ತಿಳಿದಿದ್ದೆ. ಬೇರೆ ರಾಜ್ಯದವರು ಸಿಕ್ಕರೆ ಎರಡು ಅಂಕ, ನಮ್ಮ ರಾಜ್ಯದ ಬೇರೆ ಜಿಲ್ಲೆಯವರಿಗೆ ಒಂದು, ನಮ್ಮದೇ ಜಿಲ್ಲೆಯವರಿಗೆ ಸೊನ್ನೆ. ಹಾಗಾಗಿ "ನನ್ನನ್ನೂ ಮೇಷ್ಟ್ರನ್ನೂ ಕರೆದು ಹೊತ್ತು ಕಳೀಬೇಡ, ನಾವು ಸೊನ್ನೆ" ಅಂತ ಅವಳಿಗೆ ಹೇಳಿಬಿಟ್ಟಿದ್ದೆ. ಅದನ್ನು ಕೇಳಿ ಮೇಷ್ಟ್ರು ಛತ್ರಿ ಹಿಡಿದುಕೊಂಡು ಯಳಂದೂರಿಂದ ಬಸ್ಸು ಹತ್ತಿ ಅಂಗಡಿಗೇ ಬಂದರು.

"ಲೇ ಬಸವಣ್ಣ, ನಿಯಮ ಪೂರ್ತಿ ಓದಿದೆಯೇನಯ್ಯ? ಅಂಕ ಎಲ್ಲಾ ಕೂಡಿ, ಅದನ್ನ ತಾಲ್ಲೂಕಿನ ಸಂಖ್ಯೆಯಿಂದ ಗುಣಿಸ್ಬೇಕು."

"ಗುಣಿಸೋದ್ಯಾಕೆ ಸಾರ್? ಕೂಡಿದ್ರೆ ಸಾಲದಾ?"

"ಮದುವೆ ಅಂತ ಇಟ್ಕೋ. ಎಷ್ಟು ಜನ ಉಂಡ್ರು ಅನ್ನೋದು ಅಂಕ. ಎಷ್ಟು ಊರಿನೋರು ಬಂದಿದ್ರು ಅನ್ನೋದು ಗುಣಕ. ಮೂವತ್ತು ಅಂಕ, ಐದು ತಾಲ್ಲೂಕು: ನೂರೈವತ್ತು. ಅದೇ ಮೂವತ್ತು ಅಂಕ, ಏಳು ತಾಲ್ಲೂಕು?"

ನಾನು ಬೆರಳು ಮಡಿಸಿದೆ. "ಇನ್ನೂರ ಹತ್ತು."

"ಹೆಚ್ಚಿಗೆ ಬಂದ ಆ ಎರಡು ತಾಲ್ಲೂಕು ನಾನು ಮತ್ತೆ ನೀನು. ನಮ್ಮಿಂದ ಅಂಕ ಸೊನ್ನೆ, ತಾಲ್ಲೂಕು ಲೆಕ್ಕಕ್ಕೆ ಉಂಟು. ಆ ಹುಡುಗಿಗೆ ಅರವತ್ತು ಕಳೀತಿದ್ದೆಯಲ್ಲೋ!"

ನನಗೆ ಉಗಿಸಿಕೊಂಡ ಬೇಜಾರಿಗಿಂತ ಆ ಲೆಕ್ಕ ಹೊಳೆದ ಖುಷಿಯೇ ಹೆಚ್ಚಾಯಿತು. ಒಂದೇ ಊರಿನ ಜನ ಎಷ್ಟು ಕೂಗಿದರೂ ಊರು ಒಂದೇ. ಯಾರೂ ಕಾಣದ ಮೂಲೆಯಿಂದ ಒಬ್ಬರು ಬಂದರೆ ಇದ್ದ ಅಂಕವೆಲ್ಲ ಮೇಲೇಳುತ್ತದೆ. ಮೇಷ್ಟ್ರಿಗೆ ಟೀ ತರಿಸಿಕೊಟ್ಟು ಸಂಜೆಯೇ ನಾಗಮಣಿಗೆ ಗಾಳಿಯ ಮೇಲೆ ತಿದ್ದಿ ಹೇಳಿದೆ.

ಸ್ಪರ್ಧೆಯ ದಿನ ಬೆಳಿಗ್ಗೆ ಮಳೆ ಬಿಡುವು ಕೊಟ್ಟಿತ್ತು. ನಾನೂ ನನ್ನ ಸೆಟ್ಟಿನ ಮುಂದೆ ಕೂತಿದ್ದೆ, ಆದರೆ ಒಂದು ಕಿವಿ ಲೊಕ್ಕನಹಳ್ಳಿ ಕಡೆಗೇ. ಹುಡುಗಿ ಏನು ಚೆನ್ನಾಗಿ ಶುರು ಮಾಡಿದಳು ಅಂತೀರಿ! ಸೇಲಂ ಸಿಕ್ಕಿತು, ಕೊಯಮತ್ತೂರು ಸಿಕ್ಕಿತು. ಅವರ ಜೊತೆ ತಮಿಳಲ್ಲೇ ವ್ಯವಹಾರ, ಆ ಸೀಮೆಯವರಿಗೆ ಅದೇನು ಕಷ್ಟವಲ್ಲ. ಹಾಸನ, ತುಮಕೂರು, ಪಾಲಕ್ಕಾಡು. ತಿಂಡಿ ಆಯ್ತಾ ಅಂತ ಒಬ್ಬರನ್ನೂ ಕೇಳಲಿಲ್ಲ. ನನಗೆ ಹೊಟ್ಟೆಗೆ ಹಾಲು ಹುಯ್ದಂಗಾಯಿತು. ಬಯಲುಸೀಮೆಯ ಕಡೆ ಸಂಘದ ಇನ್ನೊಂದು ಎರವಲು ಸೆಟ್ಟಿತ್ತು, ಒಂದು ಕಾಲೇಜಿನ ಹುಡುಗರದ್ದು. ಅವರು ಎತ್ತರದ ಕಂಬ ಹಾಕಿ ಭರ್ಜರಿಯಾಗಿ ಕೂಗುತ್ತಿದ್ದರು. ಆದರೂ ನಮ್ಮವಳು ಹಿಂದೆ ಬಿದ್ದಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ನನ್ನನ್ನು ಕರೆದಳು. ನಾನು ಗತ್ತಾಗಿ, "ಫೈವ್ ನೈನ್, ಕೊಳ್ಳೇಗಾಲ" ಅಂದೆ.

ಅವಳೂ ಅಷ್ಟೇ ಗತ್ತಾಗಿ, "ಫೈವ್ ನೈನ್, ಕೊಳ್ಳೇಗಾಲ" ಅಂದಳು.

ಬರೆದುಕೊಳ್ಳಲು ಹೋದ ಕೈ ನಿಂತಿತು. "ಏ ತಾಯಿ, ಕೊಳ್ಳೇಗಾಲ ನಂದು! ನಿಂದು ಹನೂರು!"

ಏನಾಗಿತ್ತು ಅಂದರೆ, ಹನೂರು ಬೇರೆ ತಾಲ್ಲೂಕಾಗಿ ಕೆಲವು ವರ್ಷವಾದರೂ ಆ ಕಡೆಯ ಊರಿನವರ ಬಾಯಿ ಇನ್ನೂ ಕೊಳ್ಳೇಗಾಲ ತಾಲ್ಲೂಕು ಅಂತಲೇ ತಿರುಗುತ್ತದೆ. ಹುಟ್ಟಿದ್ದು, ಓದಿದ್ದು, ಮದುವೆಯಾಗಿದ್ದು ಎಲ್ಲವೂ ಆ ಹೆಸರಲ್ಲಿ. ಅಭ್ಯಾಸದ ದಿನಗಳಲ್ಲಿ ನಾವು ಮೂವರೇ ಇದ್ದದ್ದರಿಂದ ತಾಲ್ಲೂಕು ಹೇಳುವ ಗೋಜಿಗೇ ಹೋಗಿರಲಿಲ್ಲ. ಬೆಳಿಗ್ಗೆಯಿಂದ ಅವಳು ಹಾಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ, ನನ್ನೂರಿನ ಹೆಸರಾದ್ದರಿಂದ ಅದು ತಪ್ಪು ಅಂತ ಅನ್ನಿಸೇ ಇಲ್ಲ! ಅವಳ ಲೈಸೆನ್ಸಿನಲ್ಲಿರುವುದು ಹನೂರು ತಾಲ್ಲೂಕು. ಸಂಘದವರು ತಾಳೆ ನೋಡಿದರೆ ಅಲ್ಲಿಯವರೆಗಿನ ಅಷ್ಟೂ ಮಾತು ಹೊಳೇಲಿ ಹುಣಸೇಹಣ್ಣು ಕಿವುಚಿದಂಗೆ.

"ಅಣ್ಣ, ಎಲ್ಲಾರ್ಗೂ ತಪ್ಪು ಏಳ್ಬುಟ್ಟಿವ್ನಲ್ಲಾ" ಅಂದಳು. "ಸೆಟ್ ಓಯ್ತು ಕನಣ್ಣ. ಓಯ್ತು."

ಹೇಗೂ ಹೇಳಿದ್ದಾಗಿದೆ, ಸಂಜೆವರೆಗೂ ಕೊಳ್ಳೇಗಾಲ ಅಂತಲೇ ಹೇಳಿಬಿಡು ಅನ್ನೋಣ ಅಂತ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಯಳಂದೂರಿನಿಂದ ಮೇಷ್ಟ್ರ ದನಿ ಬಂತು. ಹೊಸಬರಿಗೆ ಹಳಬರು ಗಾಳಿಯ ಮೇಲೆ ದಾರಿ ತೋರಿಸಬಹುದು ಅಂತ ನಿಯಮದಲ್ಲೇ ಇತ್ತು.

"ನಾಗಮಣಿ, ಅಳಬೇಡ, ಕೇಳು. ಒಬ್ಬರ ಹತ್ರ ಎರಡು ಸಲ ಮಾತಾಡಿದ್ರೆ ಎರಡನೇದಕ್ಕೆ ಅಂಕ ಇಲ್ಲ, ಆದ್ರೆ ದಂಡವೂ ಇಲ್ಲ. ಮೊದಲನೇದು ತಾಳೆಯಾಗ್ದೆ ಹೋದ್ರೆ ಎರಡನೇದೇ ಲೆಕ್ಕಕ್ಕೆ. ಎಲ್ಲರನ್ನೂ ಮತ್ತೆ ಕರಿ. ಹನೂರು ಅನ್ನು. ಶುರು ಬಸವಣ್ಣನಿಂದಲೇ ಆಗಲಿ."

"ಮತ್ತೆ ಕರುದ್ರೆ ಬತ್ತಾರಾ ಸಾ?"

"ಕರೆದು ನೋಡು."

ನನ್ನನ್ನು ಕರೆದಳು. "ಫೈವ್ ನೈನ್, ಅನೂರು." ಬರೆದುಕೊಂಡೆ. ಆಮೇಲೆ ಕೊಯಮತ್ತೂರಿನವನನ್ನು ಹಿಡಿದಳು. ಅವನು "ಆಗಲೇ ಆಯ್ತು, ಆಗಲೇ ಆಯ್ತು" ಅಂದು, ಇವಳು "ತಪ್ಪು ಹೇಳಿದ್ದೆ" ಅನ್ನುವುದರೊಳಗೆ ಬೇರೆಯವರ ಕಡೆ ತಿರುಗಿಬಿಟ್ಟ. ಹಾಸನದವರೂ ಅಷ್ಟೇ. ಆ ದಿನ ಎಲ್ಲರಿಗೂ ಅವಸರ, ಯಾರನ್ನು ದೂರುವುದು? ನಾಗಮಣಿಯ ದನಿ ಸಣ್ಣಗಾಗುತ್ತಾ ಬಂತು. ನಾನು ನನ್ನ ಕರೆಯನ್ನೆಲ್ಲ ಬಿಟ್ಟು ಕೂತಿದ್ದೆ. ದೇವರೇ, ಒಬ್ಬನಾದರೂ ನಿಂತು ಕೇಳಲಿ ಅಂತ ಮಲೆಯ ಮಾದಪ್ಪನಿಗೆ ಹೇಳಿಕೊಂಡೆ.

ನಿಂತವರು ಪಾಲಕ್ಕಾಡಿನ ಒಬ್ಬ ಮುದುಕರು. "ಏನಂದೆ ಮಗಳೇ, ಹನೂರಾ? ಕೊಳ್ಳೇಗಾಲ ಅಲ್ಲವಾ?" ಅಂತ ತಮಿಳಲ್ಲೇ ಕೇಳಿದರು.

"ಅಲ್ಲ ಸಾರ್, ನಾನು ತಪ್ಪಾಗಿ ಹೇಳಿದ್ದೆ. ನಮ್ಮದು ಹನೂರು, ಬೇರೆ ತಾಲ್ಲೂಕು" ಅಂತ ಇವಳೂ ತಮಿಳಲ್ಲಿ ಬಿಡಿಸಿ ಹೇಳಿದಳು.

ಮುದುಕರು, "ಹನೂರಿಂದ ಇವತ್ತು ಬೇರೆ ಯಾರೂ ಇಲ್ಲ!" ಅಂತ ಕೂಗಿದರು. ಖುಷಿಯ ಕೂಗು ಅದು.

ತಗೊಳ್ಳಿ! ಆಗ ನನ್ನ ದಡ್ಡ ತಲೆಗೆ ಪೂರ್ತಿ ಹೊಳೆಯಿತು. ಗುಣಕ ಬೇಕಾಗಿರುವುದು ನಮಗೊಬ್ಬರಿಗೇ ಅಲ್ಲವಲ್ಲ, ಎಲ್ಲರಿಗೂ ಬೇಕು. ಕೊಳ್ಳೇಗಾಲ ನನ್ನಿಂದ ಎಲ್ಲರಿಗೂ ಸಿಕ್ಕುತ್ತದೆ. ಹನೂರು ತಾಲ್ಲೂಕಿನಿಂದ ಗಾಳಿಯ ಮೇಲೆ ಇದ್ದವಳು ಇಡೀ ದಕ್ಷಿಣಕ್ಕೆ ಇವಳೊಬ್ಬಳೇ. ಕೊಳ್ಳೇಗಾಲ ಅಂತ ಹೇಳಿಕೊಂಡು ಇವಳು ಬೆಳಿಗ್ಗೆಯಿಂದ ತನ್ನ ಬೆಲೆಯನ್ನೇ ಮುಚ್ಚಿಟ್ಟುಕೊಂಡಿದ್ದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೆಂಡತಿಯನ್ನು ಕೂಗಿ ಕರೆದು ಕೇಳಿಸಿದೆ.

ಮುದುಕರ ಕೂಗು ಕೇಳಿದವರೆಲ್ಲ ಲೊಕ್ಕನಹಳ್ಳಿ ಕಡೆಗೆ ತಿರುಗಿದರು. "ಹನೂರು, ಹನೂರು" ಅಂತ ಒಬ್ಬರ ಮೇಲೊಬ್ಬರು ಬಿದ್ದು ಕರೆಯತೊಡಗಿದರು. ಸಂತೇಲಿ ಕೊನೆಯ ಬಸ್ಸಿಗೆ ನುಗ್ಗುವ ಹಾಗೆ. ಕೊಯಮತ್ತೂರಿನವನು ಓಡೋಡಿ ಬಂದು, "ಅಕ್ಕಾ, ಆಗ ನಿಂತು ಕೇಳಲಿಲ್ಲ, ಇನ್ನೊಂದು ಸಲ ಹೇಳಕ್ಕಾ" ಅಂದ. ಹಾಸನ ಬಂತು. ನಾನು ಹೆಸರೂ ಕೇಳದ ತಾಲ್ಲೂಕುಗಳು ಬಂದವು. ನಾಗಮಣಿ ಮೊದಲು ಗಾಬರಿಯಾಗಿ, ಆಮೇಲೆ ಡೈರಿಯಲ್ಲಿ ಹಾಲು ಹಾಕುವವರನ್ನು ಸಾಲಿಗೆ ನಿಲ್ಲಿಸುವಂತೆ, "ಒಬ್ಬೊಬ್ರೇ, ಒಬ್ಬೊಬ್ರೇ. ಎಲ್ಲಾರ್ದೂ ತಕತೀನಿ" ಅಂತ ಶುರು ಮಾಡಿದಳು. ಕನ್ನಡ ಬಾರದವರೂ ಆ ದನಿಗೆ ಸಾಲಾಗಿ ನಿಂತರು ನೋಡಿ!

ಮಧ್ಯಾಹ್ನ ಬೆಟ್ಟದ ಕಡೆಯಿಂದ ಗುಡುಗು ಬಂತು. ಸಿಡಿಲಿಗೆ ಹೆದರಿ ಅವಳು ತಂತಿ ಕಿತ್ತಿಟ್ಟು ಕೂರಬೇಕಾಯಿತು. ಆ ಕಾಲೇಜಿನ ಹುಡುಗರು ಅಷ್ಟೊತ್ತೂ ಕೂಗುತ್ತಲೇ ಇದ್ದರು. ಕರೆಂಟು ಹೋಗಿ, ಸಿದ್ದರಾಜು ಪಕ್ಕದವರ ಟ್ರಾಕ್ಟರಿನ ಬ್ಯಾಟರಿ ಬಿಚ್ಚಿಸಿಕೊಂಡು ಬಂದನಂತೆ. ಮಳೆ ಹೊಳವಾದ ಮೇಲೆ ಅವಳ ದನಿ ಮತ್ತೆ ಎದ್ದಿತು. ಹೊತ್ತು ಮುಳುಗುವಾಗ ಗಂಟಲು ಕಟ್ಟಿ ಹೋಗಿತ್ತು, ಹೆಚ್ಚುಕಮ್ಮಿ ಪಿಸುಗುಡುತ್ತಿದ್ದಳು. ನನ್ನ ಕಥೆ ಬೇರೆ. ನಾನು ಕರೆದವರೆಲ್ಲ "ಕೊಳ್ಳೇಗಾಲವಾ? ಬೆಳಿಗ್ಗೆಯೇ ಸಿಕ್ಕಿತು" ಅನ್ನುತ್ತಿದ್ದರು. ನನ್ನ ಊರನ್ನು ನಾಗಮಣಿ ಬೆಳಿಗ್ಗೆಯೇ ಪುಕ್ಕಟೆ ಹಂಚಿದ್ದಳು.

ಆಮೇಲಿನ ದಿನಗಳು ಉರುಳಲೇ ಇಲ್ಲ. ತಾಳೆ ನೋಡುವುದು ಅಂದರೆ ಸಂಘದವರಿಗೂ ಸಣ್ಣ ಕೆಲಸವಲ್ಲ. ಸೆಟ್ಟು ಕಳಿಸಲು ಡಬ್ಬಿ ಹುಡುಕಿಡಲಾ ಅಂತ ನಾಗಮಣಿ ಎರಡು ಸಲ ಕೇಳಿದಳು. ಎರಡು ಸಲವೂ ಅವಳ ಮೇಲೆ ರೇಗಿದೆ. ಒಳಗೆ ನನಗೂ ನಂಬಿಕೆ ಇರಲಿಲ್ಲ. ಆ ಹುಡುಗರು ಮಾತಾಡಿದ ಜನ ಇವಳಿಗಿಂತ ಬಹಳ ಜಾಸ್ತಿ ಅಂತ ಎಲ್ಲರ ಬಾಯಲ್ಲೂ ಇತ್ತು. ಮೇಷ್ಟ್ರು ಮಾತ್ರ "ಜನ ಅಲ್ಲ, ತಾಲ್ಲೂಕು ನೋಡ್ಬೇಕು, ತಾಲ್ಲೂಕು" ಅನ್ನುತ್ತಿದ್ದರು.

ಸಂಘದವರು ಭಾನುವಾರ ಬೆಳಿಗ್ಗೆ ಗಾಳಿಯ ಮೇಲೇ ಸಭೆ ಸೇರುತ್ತಾರೆ. ಒಬ್ಬರು ನಡೆಸಿಕೊಡುತ್ತಾರೆ, ಉಳಿದವರು ಕರೆದಾಗ ಮಾತಾಡುತ್ತಾರೆ. ದೀಪಾವಳಿ ಕಳೆದ ಮೇಲಿನ ಸಭೆಯಲ್ಲಿ ಫಲಿತಾಂಶ ಓದಿದರು. ನಾನು ಅಂಗಡಿ ಬಾಗಿಲು ಅರ್ಧ ಎಳೆದು ಕೂತಿದ್ದೆ. ದೊಡ್ಡವರದ್ದೆಲ್ಲ ಓದಿ ಮುಗಿಸಿ ಹೊಸಬರ ಪಟ್ಟಿಗೆ ಬಂದರು. ಮಾತಾಡಿದ ಜನರಲ್ಲಿ ಕಾಲೇಜಿನ ಹುಡುಗರೇ ಮುಂದು ಅಂದರು. ಆದರೆ ತಾಲ್ಲೂಕುಗಳಿಂದ ಗುಣಿಸಿದಾಗ, ಅಂತ ಸ್ವಲ್ಪ ನಿಲ್ಲಿಸಿ, ನಾಗಮಣಿಯ ಗುರುತಿನ ಹೆಸರು ಅಕ್ಷರ ಅಕ್ಷರವಾಗಿ ಓದಿದರು. ಹನೂರಿಗಾಗಿ ಅವಳನ್ನು ಹುಡುಕಿಕೊಂಡು ಬಂದವರೇ ತಂತಮ್ಮ ತಾಲ್ಲೂಕು ಅವಳ ಮಡಿಲಿಗೆ ಹಾಕಿ ಹೋಗಿದ್ದರು. "ಲೊಕ್ಕನಹಳ್ಳಿಯ ಸೆಟ್ಟು ಲೊಕ್ಕನಹಳ್ಳಿಯಲ್ಲೇ ಇರುತ್ತದೆ. ಏನಾದರೂ ಹೇಳುತ್ತೀರಾ?" ಅಂತ ಅವಳನ್ನು ಕರೆದರು.

ಹ್ಯಾಮ್ ಸೆಟ್ಟಿನ ಮೈಕಿಗೆ ಒಂದು ಗುಂಡಿ ಇರುತ್ತದೆ. ಒತ್ತಿ ಹಿಡಿದರೆ ನಾವು ಹೇಳಿದ್ದು ಎಲ್ಲರಿಗೂ ಕೇಳುತ್ತದೆ, ಬಿಟ್ಟರೆ ನಮಗೆ ಬೇರೆಯವರದ್ದು ಕೇಳುತ್ತದೆ. ನಾಗಮಣಿ ಗುಂಡಿ ಒತ್ತಿದಳು. ಹಿಂದೆ ಎಲ್ಲೋ ಎಮ್ಮೆ ಕೂಗಿದ್ದು ಕೇಳಿತು, ಪಾತ್ರೆ ಇಟ್ಟ ಸದ್ದು ಕೇಳಿತು. ಸುಧಾರಿಸಿಕೊಂಡು ಹೇಳಲಿ ಅಂತ ಎಲ್ಲರೂ ಕಾದರು. ಅವಳು ಒತ್ತಿದ ಬೆರಳು ಬಿಡುವುದನ್ನೇ ಮರೆತಿದ್ದಳು.

"ಏನಂತೆ?" ಅಂತ ಸಿದ್ದರಾಜನ ದನಿ ದೂರದಿಂದ ಬಂತು.

"ಇಲ್ಲೇ ಇರ್ತದಂತೆ ಕನ್ರೀ" ಅಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. "ಎಲ್ಲೂ ಓಗಲ್ವಂತೆ."

ಸೇಲಂ, ಕೊಯಮತ್ತೂರು, ಹಾಸನ, ಪಾಲಕ್ಕಾಡು, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದೆವು. ಯಾರೂ ಅಡ್ಡ ಬಾಯಿ ಹಾಕಲಿಲ್ಲ. ಕುಂಟು ಹೆಜ್ಜೆಯ ಸಪ್ಪಳ ಮೈಕಿನ ಹತ್ತಿರಕ್ಕೆ ಬಂತು.

"ಅಂಗಾರೆ ಎದ್ದೇಳು, ಇವತ್ತೇ ಆ ಬಿದಿರು ಕಿತ್ತು ಕಬ್ಣದ್ ಕಂಬ ನೆಟ್ಬುಡಾವ."